ಸಿಕ್ಕು ಬಿಡಿಸೋಣ ಬನ್ನಿ



ಇವತ್ತಿನ ಪಾಠ ತಲೆಗೂದಲಿನದು. "ಕೂದಲಿಗೂ ಒಂದು ಪಾಠವೇ?" ಎಂದು ನಗಬೇಡಿ. ಮಗಳನ್ನು ಶಾಲೆಗೆ ಕಳಿಸುವ ಹೊತ್ತಿಗೆ ಮನೆಯಲ್ಲಿ ಅಳು ಏಳುವುದು ಯಾವಾಗ? ತಾಯಿ ಬಾಚಣಿಗೆ ಹಿಡಿದಾಗ. ಅದರಲ್ಲೂ ಮಗಳದು ಗುಂಗುರು ಕೂದಲಾದರೆ ಕೇಳುವುದೇ ಬೇಡ. ತಾಯಿ ಎಳೆಯುತ್ತಾಳೆ. ಮಗಳು ಕಿರುಚುತ್ತಾಳೆ. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯುತ್ತದೆ. ಬಾಚಣಿಗೆಯ ಹಲ್ಲು ಮುರಿದಿರುತ್ತದೆ.

ಇನ್ನೊಂದು ಮಾತೂ ಇದೆ. ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಸಿಕ್ಕು ಬರೀ ಸಿಕ್ಕಾಗಿ ಉಳಿಯುವುದಿಲ್ಲ. ಸಿಕ್ಕು ಗಟ್ಟಿಯಾದರೆ ಜನ ಅದಕ್ಕೆ "ಜಡೆ" ಎಂದು ಹೆಸರಿಡುತ್ತಾರೆ. "ದೇವರು ಬಂದಾಳ" ಎನ್ನುತ್ತಾರೆ. ಆ ಒಂದು ಮಾತಿನಿಂದ ಎಷ್ಟೋ ಹೆಣ್ಣುಮಕ್ಕಳ ಬಾಳು ಕೆಟ್ಟಿದೆ. ಅದನ್ನು ಪಾಠದ ಕೊನೆಗೆ ಓದೋಣ. ಮೊದಲು ಕೂದಲು ಎಂದರೆ ಏನು, ಅದು ಏಕೆ ಸಿಕ್ಕಾಗುತ್ತದೆ ಎಂದು ತಿಳಿಯೋಣ.

ಕೂದಲು ಎಂದರೆ ಏನು?

ಉಗುರು ಕತ್ತರಿಸಿದರೆ ನೋಯುವುದಿಲ್ಲ. ಕೂದಲು ಕತ್ತರಿಸಿದರೂ ನೋಯುವುದಿಲ್ಲ. ಏಕೆಂದರೆ ಎರಡಕ್ಕೂ ಜೀವ ಇಲ್ಲ. ಎರಡೂ ಕೆರಾಟಿನ್ ಎಂಬ ಪದಾರ್ಥದಿಂದ ಆದವು. ಕುರಿಯ ಉಣ್ಣೆ, ಎತ್ತಿನ ಗೊರಸು ಕೂಡ ಅದೇ ಜಾತಿಯವು. ಕೂದಲಿಗೆ ಜೀವ ಇರುವುದು ಬೇರಿನಲ್ಲಿ ಮಾತ್ರ. ಬೇರು ಇರುವುದು ಚರ್ಮದ ಒಳಗೆ. ಎಳೆದಾಗ ನೋಯುವುದು ಕೂದಲಲ್ಲ. ಬೇರಿನ ಸುತ್ತಲಿನ ಚರ್ಮ.

ನಮ್ಮ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲು ಇವೆ. ಒಂದು ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಕಿರುಬೆರಳಿನ ಅಗಲದಷ್ಟು ಎನ್ನಿ. ಒಂದು ಗೇಣು ಬೆಳೆಯಲು ಒಂದೂವರೆ ಎರಡು ವರ್ಷ ಬೇಕು. ನಿಮ್ಮ ಹೆರಳು ಮೂರು ಗೇಣು ಇದೆಯೇ? ಹಾಗಾದರೆ ಅದರ ತುದಿಗೆ ಸುಮಾರು ಐದು ವರ್ಷ ವಯಸ್ಸು. ಆ ತುದಿ ಐದು ಬೇಸಿಗೆ ಕಂಡಿದೆ. ಐದು ವರ್ಷ ಬಿಸಿಲು, ಧೂಳು, ಸಾಬೂನು ಉಂಡಿದೆ. ಅದಕ್ಕೇ ಬೇರಿನ ಹತ್ತಿರ ಕೂದಲು ನುಣುಪು. ತುದಿ ಒರಟು. ಸಿಕ್ಕು ಹೆಚ್ಚು ಆಗುವುದೂ ತುದಿಯ ಕಡೆಗೇ.

ದಿನಕ್ಕೆ 50ರಿಂದ 100 ಕೂದಲು ತಾವಾಗಿ ಉದುರುತ್ತವೆ. ಹೆದರಬೇಡಿ, ಅದು ಎಲ್ಲರಿಗೂ ಇದ್ದದ್ದೇ. ದಿನವೂ ಬಾಚಿದರೆ ಉದುರಿದ್ದು ಬಾಚಣಿಗೆಗೆ ಬರುತ್ತದೆ. ವಾರಗಟ್ಟಲೆ ಬಾಚದಿದ್ದರೆ? ಉದುರಿದ ಕೂದಲು ನೆಲಕ್ಕೆ ಬೀಳದೆ ಉಳಿದ ಕೂದಲಿನ ನಡುವೆಯೇ ಸುತ್ತಿಕೊಳ್ಳುತ್ತದೆ. ಸಿಕ್ಕಿನ ಮೊದಲ ಗಂಟು ಬೀಳುವುದು ಹೀಗೆ.

ಹಂಚು ಹೊದಿಸಿದ ಕೂದಲು

ಒಂದು ಕೂದಲು ಕಿತ್ತುಕೊಳ್ಳಿ. ಎರಡು ಬೆರಳಿನ ನಡುವೆ ಹಿಡಿದು ಬೇರಿನಿಂದ ತುದಿಯ ಕಡೆಗೆ ಎಳೆಯಿರಿ. ನುಣ್ಣಗೆ ಜಾರುತ್ತದೆ. ಈಗ ತುದಿಯಿಂದ ಬೇರಿನ ಕಡೆಗೆ ಎಳೆಯಿರಿ. ತಡೆ ತಡೆದು ಬರುತ್ತದೆ, ಅಲ್ಲವೇ? ಒಂದೇ ಕೂದಲು, ಎರಡು ಗುಣ.

ಕಾರಣ ಇದು. ಕೂದಲಿನ ಮೈಮೇಲೆ ಬಹಳ ಸಣ್ಣ ಹುರುಪೆಗಳು ಇವೆ. ಕಣ್ಣಿಗೆ ಕಾಣುವುದಿಲ್ಲ. ಮನೆಗೆ ಹಂಚು ಹೊದಿಸಿದಂತೆ ಅವು ಒಂದರ ಮೇಲೊಂದು ಕೂತಿವೆ. ಹಂಚಿನ ಬಾಯಿ ತುದಿಯ ಕಡೆಗೆ ಇದೆ. ಹಂಚು ಸರಿಯಾಗಿ ಕೂತಿದ್ದರೆ ಕೂದಲು ಹೊಳೆಯುತ್ತದೆ. ಒಂದರ ಮೇಲೊಂದು ಜಾರುತ್ತದೆ. ಹಂಚು ಎದ್ದರೆ, ಒಡೆದರೆ, ಒಂದು ಕೂದಲಿನ ಹಂಚಿಗೆ ಇನ್ನೊಂದು ಕೂದಲು ಸಿಕ್ಕಿಬೀಳುತ್ತದೆ.

ಕಂಬಳಿ ಬಳಸುವವರಿಗೆ ಇದು ಬೇಗ ತಿಳಿಯುತ್ತದೆ. ಉಣ್ಣೆಯನ್ನು ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಏನಾಗುತ್ತದೆ? ಎಳೆಗೆ ಎಳೆ ಕಚ್ಚಿಕೊಂಡು ದಪ್ಪಗಾಗುತ್ತದೆ. ಮತ್ತೆ ಬಿಡಿಸಲು ಬರುವುದಿಲ್ಲ. ಉಣ್ಣೆಗೂ ಇದೇ ಹಂಚು ಇದೆ. ಕುರಿಯ ಮೈಮೇಲಿನ ಮಾತು ನಮ್ಮ ತಲೆಯ ಮೇಲೂ ನಿಜ.

ಹೀರುಗುಣ

ಹೊಸ ಮಣ್ಣಿನ ಗಡಿಗೆಗೆ ನೀರು ಹಾಕಿ. ಗಡಿಗೆ ನೀರು ಕುಡಿಯುತ್ತದೆ. ಹೊರಮೈ ತೇವವಾಗುತ್ತದೆ. ವರ್ಷಗಟ್ಟಲೆ ಎಣ್ಣೆ ಇಟ್ಟ ಗಡಿಗೆಗೆ ನೀರು ಹಾಕಿ. ಅದು ಕುಡಿಯುವುದಿಲ್ಲ. ಕೂದಲಿನಲ್ಲೂ ಈ ಎರಡು ಬಗೆ ಇವೆ. ನೀರನ್ನು ಎಷ್ಟು ಬೇಗ ಒಳಗೆ ಎಳೆಯುತ್ತದೆ, ಎಷ್ಟು ಬೇಗ ಬಿಟ್ಟುಕೊಡುತ್ತದೆ, ಅದನ್ನು ಹೀರುಗುಣ ಎನ್ನೋಣ.

ಹಂಚು ಮುಚ್ಚಿದ ಕೂದಲಿಗೆ ಹೀರುಗುಣ ಕಡಿಮೆ. ನೀರು ಚಿಮುಕಿಸಿದರೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ನಿಲ್ಲುತ್ತದೆ. ನೆನೆಯಲು ಹೊತ್ತು ಬೇಕು. ಒಣಗಲು ಇನ್ನೂ ಹೊತ್ತು ಬೇಕು. ಹಂಚು ಎದ್ದ ಕೂದಲಿಗೆ ಹೀರುಗುಣ ಹೆಚ್ಚು. ನೀರು ಬಿದ್ದ ಕೂಡಲೇ ಒಳಗೆ ಹೋಗುತ್ತದೆ. ಬಿಸಿಲಿಗೆ ಬಂದರೆ ಅಷ್ಟೇ ಬೇಗ ಒಣಗಿ ಬಣವೆಯ ಹುಲ್ಲಿನಂತೆ ಆಗುತ್ತದೆ. ಇಂಥ ಕೂದಲು ಹೆಚ್ಚು ಸಿಕ್ಕಾಗುತ್ತದೆ. ಬೇಗ ತುಂಡಾಗುತ್ತದೆ.

ನಿಮ್ಮದು ಯಾವ ಬಗೆ? ತಲೆ ಎರೆದುಕೊಂಡ ದಿನ, ಎಣ್ಣೆ ಹಚ್ಚುವ ಮೊದಲು, ಒಣಗಿದ ಕೂದಲಿಗೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಬುಡದಲ್ಲಿ ಒಮ್ಮೆ, ತುದಿಯಲ್ಲಿ ಒಮ್ಮೆ. ಒಂದೇ ತಲೆಯಲ್ಲಿ ಬುಡ ಒಂದು ಬಗೆ, ತುದಿ ಇನ್ನೊಂದು ಬಗೆ ಇರಬಹುದು. ಲೋಟದ ನೀರಿನಲ್ಲಿ ಒಂದು ಕೂದಲು ಹಾಕಿ, ಮುಳುಗಿದರೆ ಹೀಗೆ, ತೇಲಿದರೆ ಹಾಗೆ ಎಂದು ಹೇಳುವವರೂ ಇದ್ದಾರೆ. ಅದನ್ನು ನಂಬಬೇಡಿ. ಕೂದಲಿಗೆ ಸ್ವಲ್ಪ ಜಿಡ್ಡು ಇದ್ದರೂ ಅದು ತೇಲುತ್ತದೆ.

ಹಂಚು ಏಳುವುದು ಏತರಿಂದ? ಬಟ್ಟೆ ಒಗೆಯುವ ಸಾಬೂನಿನಿಂದ. ಸೋಡಾದಿಂದ. ಬಟ್ಟೆಯ ಕೊಳೆಗೆ ಬೇಕಾದ ಖಾರ ತಲೆಗೆ ಬೇಡ. ಬಹಳ ಬಿಸಿ ನೀರಿನಿಂದ. ಸುಡುವ ಬಿಸಿಲಿನಿಂದ. ಒಣಗಿದ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆದು ಬಾಚುವುದರಿಂದ. ಕೂದಲಿನ ಕಪ್ಪನ್ನು ತೆಗೆದು ಕೆಂಪು ಮಾಡುವ ಬಣ್ಣಗಳಿಂದ. ಗುಂಗುರನ್ನು ನೇರ ಮಾಡುವ ಮದ್ದಿನಿಂದ, ಕಾದ ಇಸ್ತ್ರಿಯಿಂದ. ನೇರ ಮಾಡುವ ಕೆಲವು ಮದ್ದುಗಳಿಂದ ಫಾರ್ಮಾಲ್ಡಿಹೈಡ್ ಎಂಬ ವಿಷದ ಹೊಗೆ ಬರುತ್ತದೆ. ಕಣ್ಣು, ಗಂಟಲು ಉರಿಯುತ್ತದೆ. ಮದುವೆ ಹತ್ತಿರ ಬಂತು ಎಂದು ಪಟ್ಟಣಕ್ಕೆ ಹೋಗಿ ದುಡ್ಡು ಕೊಟ್ಟು ಇದನ್ನು ಮಾಡಿಸಿಕೊಳ್ಳುವವರು ಈಗ ಹಳ್ಳಿಯಲ್ಲೂ ಇದ್ದಾರೆ. ನನಗಂತೂ ಅದು ಒಪ್ಪಿಗೆ ಇಲ್ಲ.

ನಮ್ಮ ಬೋರ್‌ವೆಲ್ ನೀರೂ ಒಂದು ಕಾರಣ. ಗಡುಸು ನೀರಿಗೆ ಸಾಬೂನು ಹಾಕಿದರೆ ನೊರೆ ಬರುವುದಿಲ್ಲ. ಬಿಳಿ ಮಡ್ಡಿ ಬರುತ್ತದೆ. ಆ ಮಡ್ಡಿ ಕೂದಲಿಗೆ ಅಂಟುತ್ತದೆ. ಕೂದಲು ಬಿರುಸಾಗುತ್ತದೆ. ಇದಕ್ಕೆ ಉಪಾಯ ಇದೆ. ತಲೆಗೆ ಸಾಬೂನಿನ ಬದಲು ಸೀಗೆಕಾಯಿ ಇಲ್ಲವೆ ಶಾಂಪೂ ಬಳಸಿ. ಅವು ಗಡುಸು ನೀರಿನಲ್ಲೂ ಮಡ್ಡಿ ಕಟ್ಟುವುದಿಲ್ಲ. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು.

ಗುಂಗುರು ಕೂದಲು ಏಕೆ ಹೆಚ್ಚು ಸಿಕ್ಕಾಗುತ್ತದೆ?

ತಲೆಯ ಚರ್ಮ ತಾನೇ ಸ್ವಲ್ಪ ಜಿಡ್ಡು ಬಿಡುತ್ತದೆ. ನೇರ ಕೂದಲಿನಲ್ಲಿ ಆ ಜಿಡ್ಡು ಕಾಲುವೆಯ ನೀರಿನಂತೆ ಸರಸರ ಕೆಳಗೆ ಇಳಿಯುತ್ತದೆ. ಗುಂಗುರು ಕೂದಲು ಘಟ್ಟದ ದಾರಿ ಇದ್ದ ಹಾಗೆ. ತಿರುವಿನ ಮೇಲೆ ತಿರುವು. ಜಿಡ್ಡು ತುದಿಯವರೆಗೆ ಇಳಿಯುವುದೇ ಇಲ್ಲ. ಬುಡದಲ್ಲಿ ಎಣ್ಣೆ, ತುದಿಯಲ್ಲಿ ಬರ. ಮೇಲಾಗಿ ಒಂದೊಂದು ತಿರುವಿನಲ್ಲೂ ಕೂದಲು ಸ್ವಲ್ಪ ಬಲಹೀನ. ಎಳೆದರೆ ತುಂಡಾಗುವುದು ಅಲ್ಲೇ. ಒಂದು ಸುರುಳಿ ಇನ್ನೊಂದು ಸುರುಳಿಯೊಳಗೆ ಹೊಕ್ಕು ಗಂಟು ಬೀಳುವುದೂ ಸುಲಭ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿ ಜನರನ್ನು ನೀವು ನೋಡಿರಬಹುದು. ಅವರ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು. ಈಗ ಅವರು ಉತ್ತರ ಕನ್ನಡದ ಕಾಡಿನ ಮಕ್ಕಳು. ನಮ್ಮ ಕನ್ನಡದವರು. ಅವರಲ್ಲಿ ಬಹಳ ಜನರ ಕೂದಲು ಬಿಗಿಯಾದ ಸುರುಳಿ. "ಇವರ ಕೂದಲು ಬೆಳೆಯುವುದೇ ಇಲ್ಲ" ಎಂದು ಕೆಲವರು ಆಡುತ್ತಾರೆ. ಅದು ಸುಳ್ಳು. ಒಂದು ಸುರುಳಿಯನ್ನು ಮೆಲ್ಲಗೆ ಎಳೆದು ನೋಡಿದರೆ ಗೇಣು ಉದ್ದ ಇರುತ್ತದೆ. ಬಿಟ್ಟರೆ ನಾಲ್ಕು ಬೆರಳಿಗೆ ಬಂದು ನಿಲ್ಲುತ್ತದೆ. ಬೆಳೆದದ್ದು ಸುರುಳಿಯಲ್ಲಿ ಅಡಗಿದೆ. ಶಾಲೆಯಲ್ಲಿ ಇಂಥ ಮಕ್ಕಳ ಕೂದಲನ್ನು ಎಳೆದು ಹೆಸರಿಟ್ಟು ಕರೆಯುವ ಮಕ್ಕಳಿಗೆ ತಾಯಂದಿರೇ ಬುದ್ಧಿ ಹೇಳಬೇಕು.

ಗುಂಗುರು ಕೂದಲು ರೋಗ ಅಲ್ಲ. ಕೊರತೆಯೂ ಅಲ್ಲ. ಅದನ್ನು ನೋಡಿಕೊಳ್ಳುವ ರೀತಿ ಮಾತ್ರ ಬೇರೆ.

ಬಾಚುವ ರೀತಿ

ನಾವು ಹೇಗೆ ಬಾಚುತ್ತೇವೆ? ನೆತ್ತಿಗೆ ಬಾಚಣಿಗೆ ಇಟ್ಟು ಒಂದೇ ಸಲ ಕೆಳಗೆ ಎಳೆಯುತ್ತೇವೆ. ಮೇಲಿನ ಸಣ್ಣ ಸಿಕ್ಕುಗಳೆಲ್ಲ ಇಳಿದು ಬಂದು ಒಂದು ಕಡೆ ಸೇರಿ ದೊಡ್ಡ ಗಂಟಾಗುತ್ತವೆ. ಆಮೇಲೆ ಆ ಗಂಟಿನ ಜೊತೆ ಗುದ್ದಾಟ. ಇದನ್ನು ತಿರುಗಿಸಿ ಮಾಡಬೇಕು. ತುದಿಯಿಂದ ಶುರು ಮಾಡಿ ಬುಡಕ್ಕೆ ಹೋಗಬೇಕು.

ತಲೆ ಎರೆದುಕೊಳ್ಳುವ ಹಿಂದಿನ ರಾತ್ರಿ ಕೂದಲನ್ನು ನಾಲ್ಕು ಭಾಗ ಮಾಡಿ. ಒಂದು ಭಾಗ ಬಿಟ್ಟು ಉಳಿದದ್ದನ್ನು ಕಟ್ಟಿ ಇಡಿ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತುದಿಯಿಂದ ಮೇಲಕ್ಕೆ ಸವರಿ. ನೆತ್ತಿಗೆ ಸುರಿದು ತಟ್ಟುವುದು ನಮ್ಮ ರೂಢಿ. ಆದರೆ ಎಣ್ಣೆ ಹೆಚ್ಚು ಬೇಕಾದದ್ದು ತುದಿಗೆ. ಆಮೇಲೆ ಬೆರಳಿನಿಂದಲೇ ದೊಡ್ಡ ಗಂಟುಗಳನ್ನು ಬಿಡಿಸಿ. ಬೆರಳಿಗೆ ಗಂಟು ಗೊತ್ತಾಗುತ್ತದೆ, ಬಾಚಣಿಗೆಗೆ ಗೊತ್ತಾಗುವುದಿಲ್ಲ. ನಂತರ ಅಗಲ ಹಲ್ಲಿನ ಬಾಚಣಿಗೆ ತೆಗೆದುಕೊಳ್ಳಿ. ಒಂದು ಕೈಯಲ್ಲಿ ಗಂಟಿನ ಮೇಲುಭಾಗವನ್ನು ಗಟ್ಟಿಯಾಗಿ ಹಿಡಿಯಿರಿ. ಹೀಗೆ ಹಿಡಿದರೆ ಎಳೆತ ಬುಡಕ್ಕೆ ಹೋಗುವುದಿಲ್ಲ. ಮಗು ಅಳುವುದಿಲ್ಲ. ಕೊನೆಯ ನಾಲ್ಕು ಬೆರಳು ಉದ್ದ ಬಾಚಿ. ಅದು ಸರಾಗವಾದ ಮೇಲೆ ಇನ್ನು ನಾಲ್ಕು ಬೆರಳು ಮೇಲೆ ಹೋಗಿ. ಹೀಗೇ ಬುಡದವರೆಗೆ.

ಕೊಬ್ಬರಿ ಎಣ್ಣೆಯೇ ಏಕೆ? ಮುಂಬಯಿಯ ವಿಜ್ಞಾನಿಗಳು 2003ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಈ ಮೂರನ್ನೂ ಹಚ್ಚಿ ನೋಡಿದರು. ಕೊಬ್ಬರಿ ಎಣ್ಣೆ ಮಾತ್ರ ಕೂದಲಿನ ಒಳಗೆ ಇಳಿದು, ತೊಳೆಯುವಾಗ ಆಗುವ ಸವಕಳಿಯನ್ನು ಕಡಿಮೆ ಮಾಡಿತು. ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎಂಬುದೂ ನೆನಪಿರಲಿ. ಆದರೂ ನಮ್ಮ ಅಜ್ಜಿಯರ ರೂಢಿಗೂ ಅವರ ಪರೀಕ್ಷೆಗೂ ತಾಳೆ ಬೀಳುತ್ತದೆ. ಔಡಲ ಎಣ್ಣೆ ಬಹಳ ಮಂದ, ಅಂಟು. ಅದನ್ನು ಬರೀ ಅದನ್ನೇ ಸುರಿದುಕೊಂಡು ತಲೆ ತಿಕ್ಕಬೇಡಿ. ಕೂದಲು ಕೂದಲಿಗೆ ಅಂಟಿ ಮುದ್ದೆಯಾಗುತ್ತದೆ. ಬೇಕಿದ್ದರೆ ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೆರೆಸಿ.

ಹೀರುಗುಣ ಕಡಿಮೆ ಇದ್ದವರು ಎಣ್ಣೆ ಕಡಿಮೆ ಹಚ್ಚಿ. ಅವರ ಕೂದಲಿನ ಮೇಲೆ ಅದು ಹಾಗೇ ಕೂತು ಧೂಳು ಹಿಡಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕೂದಲನ್ನು ಚೆನ್ನಾಗಿ ನೆನೆಸಿ ತೊಳೆಯಬೇಕು. ಹೀರುಗುಣ ಹೆಚ್ಚು ಇದ್ದವರು ಎರೆಯುವ ಮೊದಲು ಎಣ್ಣೆ ಹಚ್ಚಲೇಬೇಕು. ಎರೆದ ಮೇಲೂ ತುದಿಗೆ ಎರಡು ಹನಿ ಸವರಬೇಕು.

ಎರೆಯುವಾಗ ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ಬಟ್ಟೆ ತಿಕ್ಕಿದಂತೆ ತಿಕ್ಕಬೇಡಿ. ಕಂಬಳಿಯ ಮಾತು ನೆನಪಿದೆಯಲ್ಲ? ಬೆರಳಿನ ತುದಿಯಿಂದ ತಲೆಯ ಚರ್ಮವನ್ನು ಮಾತ್ರ ತಿಕ್ಕಿ. ನೊರೆ ಕೆಳಗೆ ಇಳಿಯುವಾಗ ಕೂದಲು ತಾನೇ ತೊಳೆಯುತ್ತದೆ. ಸೀಗೆಪುಡಿಯನ್ನು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ ಬಳಸಿ. ಸೋಸದಿದ್ದರೆ ನಾರು, ಗರಟೆ ಗುಂಗುರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಶಾಂಪೂ ಆದರೆ ಒಂದು ಚೊಂಬು ನೀರಿಗೆ ಬೆರೆಸಿ ಹಾಕಿ.

ಇನ್ನು ಲೋಳೆ. ದಾಸವಾಳದ ಎಲೆ ಒಂದು ಹಿಡಿ ತನ್ನಿ. ನೀರಿನಲ್ಲಿ ಹಿಸುಕಿ. ಲೋಳೆ ಬರುತ್ತದೆ. ಸೋಸಿ. ತೊಳೆದ ಕೂದಲಿಗೆ ಇದನ್ನು ಹಚ್ಚಿ, ಲೋಳೆ ಇರುವಾಗಲೇ ಅಗಲ ಬಾಚಣಿಗೆಯಿಂದ ಇನ್ನೊಮ್ಮೆ ತುದಿಯಿಂದ ಬಾಚಿ. ಆಮೇಲೆ ನೀರು ಹಾಕಿ. ದಾಸವಾಳ ಇಲ್ಲದಿದ್ದರೆ ನೆನೆಸಿದ ಮೆಂತ್ಯ ಅರೆದು ಸೋಸಿ. ಅಂಗಡಿಯಲ್ಲಿ ಸಿಗುವ ಕಂಡೀಷನರ್ ಮಾಡುವ ಕೆಲಸವೂ ಇದೇ. ಕೂದಲಿನ ನಡುವೆ ಜಾರಿಕೆ ತರುವುದು. ದುಡ್ಡು ಇದ್ದರೆ ಅದನ್ನೂ ತರಬಹುದು, ಇಲ್ಲದಿದ್ದರೆ ಹಿತ್ತಲಿನ ಗಿಡ ಸಾಕು.

ಒಂದು ಎಚ್ಚರ. ಗುಂಗುರು ಕೂದಲನ್ನು ಒಣಗಿದಾಗ ಬಾಚಬಾರದು. ತೇವ ಇರಬೇಕು, ಎಣ್ಣೆ ಇಲ್ಲವೆ ಲೋಳೆ ಇರಬೇಕು. ನೇರ ಕೂದಲಿನವರಿಗೆ ಇದು ಉಲ್ಟಾ. ಒದ್ದೆ ಕೂದಲು ರಬ್ಬರಿನಂತೆ ಹಿಗ್ಗಿ ಹರಿಯುತ್ತದೆ. ಆದ್ದರಿಂದ ಅವರು ಸ್ವಲ್ಪ ಒಣಗಿದ ಮೇಲೆ ಬಾಚಬೇಕು.

ಒರೆಸಲು ದಪ್ಪ ಟವೆಲ್ ಬೇಡ. ಹಳೆಯ ತೆಳು ಪಂಚೆ ಇಲ್ಲವೆ ಧೋತರದ ತುಂಡು ಸಾಕು. ಒತ್ತಿ ನೀರು ತೆಗೆಯಿರಿ. ಒದ್ದೆ ಕೂದಲನ್ನು ಹಿಂಡಿ, ಬಟ್ಟೆಯಿಂದ ಪಟಪಟ ಹೊಡೆಯುವುದನ್ನು ಬಿಡಿ. ಮುಕ್ಕಾಲು ಒಣಗಿದ ಮೇಲೆ ಸಡಿಲವಾಗಿ ಹೆರಳು ಹಾಕಿ. ರಾತ್ರಿ ಕೂದಲು ಬಿಟ್ಟುಕೊಂಡು ಮಲಗಬೇಡಿ. ಹಳೆಯ ರೇಷ್ಮೆ ಸೀರೆಯ ತುಂಡು ಇದ್ದರೆ ದಿಂಬಿಗೆ ಹೊದಿಸಿ. ನುಣುಪು ಬಟ್ಟೆಯ ಮೇಲೆ ಕೂದಲು ಜಾರುತ್ತದೆ.

ಹುಲ್ಲು, ನೀರು, ಸೌದೆ ಹೊರುವವರಿಗೆ ನೆತ್ತಿಯಲ್ಲಿ ಸಿಕ್ಕು ಹೆಚ್ಚು. ಒರಟು ಸಿಂಬಿ ಅಲ್ಲೇ ತಿಕ್ಕುತ್ತದೆ, ಮೇಲೆ ಹೊರೆಯ ಭಾರ. ಸಿಂಬಿಯ ಕೆಳಗೆ ನುಣುಪಾದ ಬಟ್ಟೆ ಹಾಕಿಕೊಳ್ಳಿ. ಶಾಲೆಯ ಹುಡುಗಿಯರ ಎರಡು ಹೆರಳನ್ನು ಮಡಿಚಿ ರಿಬ್ಬನ್ ಬಿಗಿಯುತ್ತೇವಲ್ಲ, ಅದನ್ನೂ ಸ್ವಲ್ಪ ಸಡಿಲ ಮಾಡಿ. ದಿನವೂ ಬಿಗಿದರೆ ಹಣೆಯ ಅಂಚಿನ ಕೂದಲು ಹೋಗುತ್ತದೆ. ವರ್ಷಗಟ್ಟಲೆ ಹೀಗಾದರೆ ಮತ್ತೆ ಬರುವುದೇ ಇಲ್ಲ.

ಹೇನು ಇದ್ದರೆ ತುರಿಕೆ. ತುರಿಸಿದರೆ ಸಿಕ್ಕು. ಮೊದಲು ಅಗಲ ಬಾಚಣಿಗೆ, ಸಿಕ್ಕು ಬಿಟ್ಟ ಮೇಲೆ ಸೀರಣಿಗೆ. ಹೇನಿಗೆ ಸೀಮೆಎಣ್ಣೆ ಹಚ್ಚಬೇಡಿ. ಚರ್ಮ ಸುಡುತ್ತದೆ. ಒಲೆಯ ಹತ್ತಿರ ಹೋದರೆ ಬೆಂಕಿ ಹೊತ್ತುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಸರಿಯಾದ ಔಷಧ ಹೇಳುತ್ತಾರೆ.

"ಜಡಿ ಬಂದೈತ್ರಿ"

ಈಗ ಮೊದಲು ಹೇಳಿದ ಮಾತಿಗೆ ಬರೋಣ.

ಒಮ್ಮೆ ನಮ್ಮ ಕಲಿಕೆಯ ಕೇಂದ್ರಕ್ಕೆ ಒಬ್ಬ ತಾಯಿ ಬಂದಳು. ಪಾಠ ಮುಗಿದು ಎಲ್ಲರೂ ಹೋಗುವವರೆಗೆ ಕಾದಳು.

"ಅಕ್ಕೋರ, ನನ್ನ ಮಗಳ ತಲಿಯಾಗ ಜಡಿ ಬಂದೈತ್ರಿ."

"ಯಾವಾಗಿಂದ ಯವ್ವಾ?"

"ಆಕಿಗೆ ಟೈಫಾಯ್ಡ್ ಆಗಿತ್ರಿ. ಮೂರು ವಾರ ಹಾಸಗಿ ಹಿಡಿದಿದ್ಲು. ಎದ್ದ ಮ್ಯಾಲೆ ನೋಡಿದ್ರ ಹಿಂದಲೆ ಗಟ್ಟಿ ಆಗೈತ್ರಿ. ನಮ್ಮತ್ತಿ ಅಂತಾಳ, ಯಲ್ಲಮ್ಮ ಬಂದಾಳ, ಕತ್ರಿ ಮುಟ್ಟಿಸಬ್ಯಾಡ. ಓಣ್ಯಾಗ ಒಬ್ರು ಅಂದ್ರು, ಹುಡುಗೀನ್ನ ದೇವರಿಗೆ ಬಿಡ್ರಿ ಅಂತ."

ಹುಡುಗಿಗೆ ಆಗ ಒಂಬತ್ತು ವರ್ಷ. ನಾಲ್ಕನೇ ತರಗತಿ. ಗುಂಗುರು ಕೂದಲು.

ಮೂರು ವಾರ ಮಲಗಿದ ಮಗುವಿನ ತಲೆಯನ್ನು ಯೋಚಿಸಿ. ಜ್ವರದ ಬೆವರು. ಬಾಚಿಲ್ಲ. ಎರೆದಿಲ್ಲ. ಹಿಂದಲೆ ದಿಂಬಿಗೆ ಹಗಲು ರಾತ್ರಿ ತಿಕ್ಕಿದೆ. ಉದುರಿದ ಕೂದಲು ಅಲ್ಲೇ ಉಳಿದಿದೆ. ಸಿಕ್ಕಾಗದೆ ಇನ್ನೇನಾದೀತು? ಬಾಣಂತಿಯರಿಗೂ ಹೀಗೇ ಆಗುತ್ತದೆ. ತಲೆಗೆ ಬಟ್ಟೆ ಕಟ್ಟಿಕೊಂಡು ವಾರಗಟ್ಟಲೆ ಬಾಚುವುದಿಲ್ಲ. ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಕೂದಲು ಉದುರುವುದೂ ಹೆಚ್ಚು. ಮನಸ್ಸಿಗೆ ಕಾಯಿಲೆಯಾಗಿ ಮೈಮೇಲೆ ಗಮನ ಇಲ್ಲದವರಿಗೂ ಹೀಗಾಗುತ್ತದೆ. ಅವರಿಗೆ ಬೇಕಾದದ್ದು ಔಷಧ, ಆರೈಕೆ.

ಒಂದು ಸಲ ಗಟ್ಟಿಯಾದ ಮೇಲೆ "ಮುಟ್ಟಬೇಡ" ಎಂದರೆ ಏನಾಗುತ್ತದೆ? ನೀರು ಒಳಗೆ ಹೋಗುವುದಿಲ್ಲ. ಹೋದರೆ ಒಣಗುವುದಿಲ್ಲ. ಹೇನು ಸೇರುತ್ತದೆ. ಹುಣ್ಣಾಗುತ್ತದೆ. ವಾಸನೆ ಬರುತ್ತದೆ. ವರ್ಷ ಕಳೆದಂತೆ ಭಾರವಾಗಿ ಕುತ್ತಿಗೆ ನೋಯುತ್ತದೆ. ಮಗ್ಗುಲಾಗಿ ಮಲಗಲೂ ಆಗುವುದಿಲ್ಲ. ಹೀಗೆ ಬದುಕಿದ ಅಜ್ಜಿಯರು ನಮ್ಮ ಊರುಗಳಲ್ಲಿ ಇದ್ದಾರೆ. ಇನ್ನು ಎಳೆಯ ಹುಡುಗಿಯರಿಗೆ ಜಡೆ ಬಂದರೆ ಅದನ್ನೇ ನೆಪ ಮಾಡಿ ಮುತ್ತು ಕಟ್ಟಿದ್ದಾರೆ. ದೇವದಾಸಿ ಮಾಡಿದ್ದಾರೆ. ಬಾಚಣಿಗೆಯಿಂದ ಬಿಡಬೇಕಾಗಿದ್ದ ಒಂದು ಗಂಟಿಗೆ ಒಂದು ಹೆಣ್ಣಿನ ಇಡೀ ಬಾಳು.

ಇದನ್ನು ಕಾನೂನು ತಡೆದಿದೆ. ಬೆಳಗಾವಿ, ಧಾರವಾಡ, ವಿಜಯಪುರ ಹಿಂದೆ ಮುಂಬಯಿ ಪ್ರಾಂತದಲ್ಲಿದ್ದವು. ಅಲ್ಲಿ 1934ರಲ್ಲೇ ಇದರ ವಿರುದ್ಧ ಕಾನೂನು ಬಂತು. ಕರ್ನಾಟಕ ಸರಕಾರ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಮಾಡಿತು. ಮುತ್ತು ಕಟ್ಟುವುದು ಅಪರಾಧ. ಕಟ್ಟಿಸಿದ ತಂದೆತಾಯಿಯೂ ಅಪರಾಧಿಗಳೇ. ಯಾವ ಹುಡುಗಿಗಾದರೂ ಹೀಗೆ ಮಾಡುತ್ತಾರೆ ಎಂದು ಗೊತ್ತಾದರೆ 1098ಕ್ಕೆ ಫೋನ್ ಮಾಡಬಹುದು. ಅದು ಮಕ್ಕಳ ಸಹಾಯವಾಣಿ. ದುಡ್ಡು ಬೀಳುವುದಿಲ್ಲ.

"ಕತ್ತರಿಸಿದರೆ ಕಣ್ಣು ಹೋಗುತ್ತದೆ, ಹುಚ್ಚು ಹಿಡಿಯುತ್ತದೆ" ಎಂಬ ಅಂಜಿಕೆ ನಮ್ಮಲ್ಲಿ ಮಾತ್ರ ಅಲ್ಲ. ದೂರದ ಪೋಲೆಂಡ್ ದೇಶದಲ್ಲಿ ಹಿಂದೆ ಇದೇ ಅಂಜಿಕೆ ಇತ್ತು. ಅಲ್ಲಿ ಯಲ್ಲಮ್ಮ ಇಲ್ಲ. ಆದರೂ ಅಲ್ಲಿನ ರೈತರ ತಲೆಯಲ್ಲಿ ಜಡೆ ಇತ್ತು. ಕತ್ತರಿಸಿದರೆ ರೋಗ ಮೈಯೊಳಗೆ ಹೊಕ್ಕು ಕಣ್ಣು ಹೋಗುತ್ತದೆ ಎಂದು ನಂಬಿದ್ದರು. ಕ್ರಾಕೋ ನಗರದ ಯೋಸೆಫ್ ಡೀಟ್ಲ್ ಎಂಬ ವೈದ್ಯರು ಸುಮಾರು 170 ವರ್ಷಗಳ ಹಿಂದೆ ಜನರಿಗೆ ತಿಳಿಹೇಳಿದರು. ಇದು ಬಾಚದ ಕೂದಲು, ರೋಗವಲ್ಲ ಎಂದರು. ಮುಂದೆ ಅವರೇ ಆ ನಗರದ ಮೇಯರ್ ಆದರು. ಇಂದಿಗೂ ವೈದ್ಯರು ಜಡೆಗೆ ಇಟ್ಟ ಹೆಸರಿನಲ್ಲಿ ಪೋಲೆಂಡಿನ ಹೆಸರು ಇದೆ. "ಪ್ಲೈಕಾ ಪೊಲೊನಿಕಾ" ಎನ್ನುತ್ತಾರೆ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತೆ ನಂದಿನಿ ಜಾಧವ್ ಅವರು ಮನೆ ಮನೆಗೆ ಹೋಗಿ, ಒಪ್ಪಿಸಿ, ಎಷ್ಟೋ ಹೆಂಗಸರ ಜಡೆ ತೆಗೆದಿದ್ದಾರೆ.

ಆ ತಾಯಿಯ ಮನೆಗೆ ನಾನೂ, ಊರಿನ ಆಶಾ ಕಾರ್ಯಕರ್ತೆಯೂ ಹೋದೆವು. ಅಜ್ಜಿ ಬಾಗಿಲಲ್ಲೇ ಕೂತಿದ್ದಳು.

"ಅಜ್ಜೀ, ಯಲ್ಲಮ್ಮಗ ಭಕ್ತಿ ಮಾಡ್ರಿ. ಬ್ಯಾಡ ಅನ್ನಾಂಗಿಲ್ಲ. ಆದ್ರ ಆ ತಾಯಿ ಹುಡುಗೀಗೆ ಹೇನು ಬೀಳ್ಲಿ ಅಂತಾಳೇನ್ರಿ?"

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ಬಂಡಾರ ತಂದು ಹುಡುಗಿಯ ಹಣೆಗೆ ಹಚ್ಚಿದಳು. "ನಾ ಆಕೀನ್ನ ಕೇಳೇನಿ. ನೀವು ಬಿಡಸ್ರಿ" ಎಂದಳು.

ಮೂರು ಸಂಜೆ ಹಿಡಿಯಿತು. ಮೊದಲ ದಿನ ಕೊಬ್ಬರಿ ಎಣ್ಣೆಯಲ್ಲಿ ಗಂಟನ್ನು ನೆನೆಸಿ ಬಟ್ಟೆ ಕಟ್ಟಿದೆವು. ಎರಡನೆಯ ದಿನ ಬೆರಳು, ಆಮೇಲೆ ಬಾಚಣಿಗೆಯ ಹಿಡಿಕೆ. ಅಂಚಿನಿಂದ ಎಳೆ ಎಳೆಯಾಗಿ ಬಿಡಿಸಿದೆವು. ನಡುವಿನ ಭಾಗ ನಿಂಬೆಹಣ್ಣಿನಷ್ಟು ಉಳಿಯಿತು, ಕಲ್ಲಿನಂತೆ. ಅದನ್ನು ಅಡ್ಡಡ್ಡ ಕತ್ತರಿಸಲಿಲ್ಲ. ಕೂದಲಿನ ಉದ್ದಕ್ಕೆ ಕತ್ತರಿ ಇಟ್ಟು ಸೀಳಿದೆವು. ಹೀಗೆ ಮಾಡಿದರೆ ಬಹಳ ಕೂದಲು ಉಳಿಯುತ್ತದೆ. ಸೀಳಿದ ತುಂಡುಗಳನ್ನು ಮತ್ತೆ ಎಣ್ಣೆ ಹಚ್ಚಿ ಬಿಡಿಸಿದೆವು. ಒಂದು ಹಿಡಿಯಷ್ಟು ಕೂದಲು ಹೋಯಿತು. ಅದರಲ್ಲಿ ಬಹಳ ಭಾಗ ಮೊದಲೇ ಉದುರಿ ಒಳಗೆ ಸಿಕ್ಕಿದ್ದದ್ದು. ಗಂಟಿನ ಕೆಳಗೆ ಎರಡು ಕಡೆ ಹುಣ್ಣಾಗಿತ್ತು. ಆರೋಗ್ಯ ಕೇಂದ್ರದಲ್ಲಿ ಮುಲಾಮು ಕೊಟ್ಟರು.

ಹುಡುಗಿ ಕನ್ನಡಿ ಕೇಳಿದಳು. ಹಿಂದಲೆ ಕಾಣುವುದಿಲ್ಲವಲ್ಲ, ಅದಕ್ಕೆ ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡಳು. ಸೋಮವಾರ ಶಾಲೆಗೆ ಬಂದಳು. ಒಂದೇ ಹೆರಳು, ಸಡಿಲವಾಗಿ.

ಬಹಳ ವರ್ಷದ ಜಡೆ ಹೀಗೆ ಬಿಡುವುದಿಲ್ಲ. ಕತ್ತರಿಸಲೇಬೇಕು. ಅದನ್ನು ಅವರು ಒಪ್ಪಿದ ಮೇಲೆ ಮಾಡಬೇಕು, ಒತ್ತಾಯದಿಂದ ಅಲ್ಲ. ಚರ್ಮಕ್ಕೆ ತಾಗದಂತೆ ಎರಡು ಬೆರಳು ಬಿಟ್ಟು ಕತ್ತರಿಸಬೇಕು. ಹುಣ್ಣು, ಕೀವು ಇದ್ದರೆ ಮನೆಯಲ್ಲಿ ಮಾಡಬೇಡಿ, ದವಾಖಾನೆಗೆ ಕರೆದುಕೊಂಡು ಹೋಗಿ.

ಓದಿದ ಮೇಲೆ

ಈ ಪದಗಳನ್ನು ಗಟ್ಟಿಯಾಗಿ ಓದಿರಿ: ಸಿಕ್ಕು. ಹೆರಳು. ಗುಂಗುರು. ಹಂಚು. ಹೀರುಗುಣ. ಬಾಚಣಿಗೆ. ಸೀಗೆಕಾಯಿ. ಕಾಯ್ದೆ.

ಲೆಕ್ಕ ಮಾಡಿರಿ: ಕೂದಲು ತಿಂಗಳಿಗೆ 1 ಸೆಂಟಿಮೀಟರ್ ಬೆಳೆದರೆ 12 ತಿಂಗಳಿಗೆ ಎಷ್ಟು? ನಿಮ್ಮ ಮಗಳ ಹೆರಳನ್ನು ಟೇಪಿನಿಂದ ಅಳೆಯಿರಿ. ತುದಿಯ ವಯಸ್ಸು ಎಷ್ಟು?

ಗುಂಪಿನಲ್ಲಿ ಮಾತನಾಡಿರಿ: ನಿಮ್ಮ ಊರಿನಲ್ಲಿ ಜಡೆ ಇರುವವರು ಇದ್ದಾರೆಯೇ? ಅವರಿಗೆ ಅದು ಯಾವಾಗ ಬಂತು? ಕಾಯಿಲೆಯ ನಂತರವೇ, ಹೆರಿಗೆಯ ನಂತರವೇ? ಅವರನ್ನೇ ಕೇಳಿ ಬನ್ನಿ.

ಬಿಟ್ಟ ಜಾಗ ತುಂಬಿರಿ:
ಬಾಚುವಾಗ ........ಯಿಂದ ಶುರು ಮಾಡಬೇಕು.
ಗುಂಗುರು ಕೂದಲನ್ನು ........ ಇರುವಾಗ ಬಾಚಬೇಕು.
ಮಕ್ಕಳ ಸಹಾಯವಾಣಿಯ ನಂಬರು ........